ನೆನಪಿನ ಹೊರೆ

ಪುಸ್ತಕ ಹಿಡಿಯದೆ ಪಾಠ ಹೇಳುವುದು ಕನ್ನಡ ಮೇಷ್ಟರಿಗೆ ಮರ್ಯಾದೆಯ ಪ್ರಶ್ನೆ. ಇಪ್ಪತ್ತು ವರ್ಷ ನಾನೂ ಆ ಮರ್ಯಾದೆಯನ್ನು ಕಾಪಾಡಿಕೊಂಡು ಬಂದೆ. ಮೊನ್ನೆ ಕೇಶಿರಾಜನ ಸಂಧಿಪ್ರಕರಣವನ್ನು ಹೇಳುತ್ತಿದ್ದಾಗ ನೆನಪು ಕೈಕೊಟ್ಟಿತು. ಸೂತ್ರ ಬಂತು, ಪ್ರಯೋಗ ಬರಲಿಲ್ಲ. ತಡವರಿಸಿದರೆ ಮಾನ ಹೋದೀತೆಂದು ನಾನೇ ಒಂದು ಸಾಲನ್ನು ಹೊಸೆದು, ಹಳೆಯ ಕವಿಯದೆಂದು ಹೇಳಿಬಿಟ್ಟೆ. ಹುಡುಗರು ಭಕ್ತಿಯಿಂದ ಬರೆದುಕೊಂಡರು. ಆ ಭಕ್ತಿಯೇ ಅಂದು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಎದ್ದು ನಡುಮನೆಗೆ ಬಂದರೆ ಮಗ ಎಚ್ಚರವಾಗಿದ್ದ. ಅವನ ಲ್ಯಾಪ್‌ಟಾಪ್ ಮಾತ್ರ ಮೂರ್ಛೆ ಹೋಗಿತ್ತು. ಎಂಜಿನಿಯರಿಂಗ್ ಓದುತ್ತಿರುವ ಅವನು ಎಲ್‌ಎಲ್‌ವಿಎಂ ಎಂಬ ಭಾರಿ ತಂತ್ರಾಂಶವನ್ನು ಮೂಲದಿಂದ ಕಟ್ಟಲು ಹೊರಟಿದ್ದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ೨೦೦೦ದಲ್ಲಿ ಆರಂಭವಾದ ಕೆಲಸವಂತೆ ಅದು.

“ಸಾವಿರಾರು ಕಡತ ಸರಿಯಾಗಿಯೇ ಕಂಪೈಲ್ ಆದುವು ಅಪ್ಪ. ಕೊನೆಗೆ ಲಿಂಕರ್ ಬಂದು ಮೆಮೊರಿಯನ್ನೆಲ್ಲ ನುಂಗಿಬಿಟ್ಟಿತು” ಎಂದ.

ಅವನು ವಿವರಿಸಿದ್ದನ್ನು ನಾನು ನನ್ನ ಕಸುಬಿನ ಮೂಲಕ ಅರ್ಥಮಾಡಿಕೊಂಡೆ. ಹಸ್ತಪ್ರತಿಯಲ್ಲಿ ‘ಇಂಥ ಪುಟ ನೋಡಿ’ ಎಂದು ಬರೆದು, ಪುಟದ ಸಂಖ್ಯೆಗೆ ಜಾಗ ಬಿಟ್ಟಿರುತ್ತೇವಷ್ಟೆ. ಹಾಗೆಯೇ ಪ್ರತಿಯೊಂದು ಕಡತವೂ ಬೇರೆ ಕಡತದಲ್ಲಿರುವ ಹೆಸರುಗಳ ವಿಳಾಸಕ್ಕೆ ಜಾಗ ಬಿಟ್ಟಿರುತ್ತದೆ. ಎಲ್ಲವನ್ನೂ ಒಂದು ಹೊತ್ತಗೆಯಾಗಿ ಜೋಡಿಸಿ, ಆ ಖಾಲಿ ಜಾಗಗಳನ್ನು ತುಂಬುವುದು ಲಿಂಕರಿನ ಕೆಲಸ. ಜೊತೆಗೆ, ತಪ್ಪು ಹುಡುಕಲು ನೆರವಾಗುವ ಡಿಬಗ್ ಮಾಹಿತಿಯೂ ಉಂಟು. ಮೂಲಕ್ಕಿಂತ ಟಿಪ್ಪಣಿಯೇ ದಪ್ಪವಾದ ನಮ್ಮ ಕೆಲವು ಸಂಪಾದನೆಗಳ ಹಾಗೆ. ಇಂಥ ನಾಲ್ಕು ಲಿಂಕರುಗಳು ಒಟ್ಟಿಗೇ ಎಲೆಯ ಮುಂದೆ ಕುಳಿತರೆ ೮ ಗಿಗಾಬೈಟಿನ ಅಡಿಗೆ ಯಾವ ಮೂಲೆಗೆ?

“ಮೆಮೊರಿ ಕೊಂಡುತರೋಣವೇನೋ?” ಎಂದೆ, ತಿಂಗಳ ಕೊನೆಯೆಂಬುದನ್ನು ಮರೆತು.

ಅವನು ಮರೆತಿರಲಿಲ್ಲ. “ಬೇಡಪ್ಪ, ಉಪಾಯವಿದೆ” ಎಂದ. ಕಂಪೈಲ್ ಕೆಲಸ ಗುಂಪಾಗಿ ನಡೆಯಲಿ, ಲಿಂಕ್ ಮಾತ್ರ ಒಂದಾದ ಮೇಲೊಂದು ನಡೆಯಲಿ ಎಂದು ಕಟ್ಟುಮಾಡಿದ. ಡಿಬಗ್ ಮಾಹಿತಿಯ ಬಹುಪಾಲನ್ನು ಬೇರೆ ಕಡತಗಳಲ್ಲೇ ಉಳಿಸುವ ‘ಸ್ಪ್ಲಿಟ್ ಡ್ವಾರ್ಫ್’ ಎಂಬ ಏರ್ಪಾಟು ಮಾಡಿದ. ಆ ಹೊರೆ ಲಿಂಕರಿನ ತಲೆಯಿಂದ ಇಳಿಯಿತು. ಮೂರನೆಯದು ಗ್ನೂ ಲಿಂಕರಿಗೆ ಕೊಡುವ ಒಂದು ಅಪ್ಪಣೆ: ‘ನೋ ಕೀಪ್ ಮೆಮೊರಿ’. ಲಿಂಕರು ಬೇಗ ಮುಗಿಸಬೇಕೆಂದು, ಓದಿದ ಕಡತಗಳ ಹೆಸರಿನ ಪಟ್ಟಿಗಳನ್ನು ತಲೆಯಲ್ಲೇ ಇಟ್ಟುಕೊಳ್ಳುವುದು ವಾಡಿಕೆ. ಈ ಅಪ್ಪಣೆಯಾದರೆ ಹಾಗೆ ಇಟ್ಟುಕೊಳ್ಳದೆ, ಬೇಕೆಂದಾಗ ಮತ್ತೆ ಕಡತ ತೆರೆದು ಓದಿಕೊಳ್ಳುತ್ತದೆ.

“ನಿಧಾನವಾಗುವುದಿಲ್ಲವೇ?”

“ಆಗತ್ತೆ. ಆದರೆ ಕೆಲಸ ಕೆಡೋದಿಲ್ಲ.”

ಮಗ ಸಹಜವಾಗಿ ಆಡಿದ ಮಾತು ನನಗೆ ನಾಟಿತು.

ಬೆಳಗ್ಗೆ ನೋಡಿದರೆ ಅವನು ಚಾಪೆಯ ಮೇಲೆ ನಿದ್ದೆಹೋಗಿದ್ದ. ಲಿಂಕರ್ ಕೆಲಸ ಮುಗಿಸಿತ್ತು. ನಾನು ಕಪಾಟಿನಿಂದ ‘ಶಬ್ದಮಣಿದರ್ಪಣ’ವನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ.

ತರಗತಿಯಲ್ಲಿ ಮೊದಲು ಆ ಸಾಲನ್ನು ಹೊಡೆದುಹಾಕಲು ಹೇಳಿದೆ. “ಯಾಕೆ ಸಾರ್?” ಎಂದಳು ಮುಂದಿನ ಬೆಂಚಿನ ಹುಡುಗಿ. “ಅದು ಕವಿಯದಲ್ಲಮ್ಮ, ನನ್ನದು” ಎಂದೆ. ನಾನು ಹೆದರಿದಷ್ಟು ಯಾರೂ ನಗಲಿಲ್ಲ. ಆಮೇಲೆ ಪುಸ್ತಕ ತೆರೆದೆ. ಪ್ರಯೋಗವಿದ್ದ ಪುಟ ಹುಡುಕಲು ಕೊಂಚ ಹೊತ್ತು ಹಿಡಿಯಿತು. ಹುಡುಗರು ಕಾದರು.