ಫಲದಾನಕ್ರಮ

ಕಾರ್ಯಕ್ಕೆ ಫಲವುಂಟೆಂಬುದನ್ನು ಎಲ್ಲರೂ ಬಲ್ಲರು. ಆ ಫಲವು ಎಷ್ಟು ಸಲಕ್ಕೊಮ್ಮೆ ಬರತಕ್ಕುದೆಂದು ವಿಚಾರಿಸುವವರು ವಿರಳ. ವರ್ತನಾ ಚಿಕಿತ್ಸೆಯನ್ನು ನಡೆಯಿಸುವವರು ಇದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಯಿಸಿರುವರು. ಮಾಡಿದ ಕಾರ್ಯವು ಮರಳಿ ಮರಳಿ ನಡೆಯುವಂತೆ ಮಾಡುವ ಫಲದಾನಕ್ಕೆ ಪುನರ್ಬಲನವೆಂದು ಹೆಸರು. ಅದರ ಕಟ್ಟಳೆಯನ್ನು ಇಲ್ಲಿ ಫಲದಾನಕ್ರಮವೆಂದು ಕರೆಯುವೆನು.

ಈ ವಿಚಾರವು ಹುಟ್ಟಿದ ಬಗೆಯು ಸ್ವಾರಸ್ಯವಾದುದು. ಅಮೆರಿಕದ ಬಿ. ಎಫ್. ಸ್ಕಿನ್ನರ್ ಮಹಾಶಯನು ಪ್ರಯೋಗದ ಇಲಿಗಳಿಗೆ ಬೇಕಾದ ಆಹಾರದ ಗುಳಿಗೆಗಳನ್ನು ತಾನೇ ಮಾಡಿಕೊಳ್ಳುತ್ತಿದ್ದನು. ಒಂದು ಶನಿವಾರ ಅವು ಸಾಲವೆಂದು ಕಂಡುದರಿಂದ, ಇಲಿಯು ಸನ್ನೆಕೋಲನ್ನು ಒತ್ತಿದಾಗಲೆಲ್ಲ ಕೊಡುವುದನ್ನು ಬಿಟ್ಟು ನಿಮಿಷಕ್ಕೊಂದರಂತೆ ಕೊಟ್ಟು ನೋಡಿದನು. ಇಲಿಗಳು ಒತ್ತುತ್ತಲೇ ಇದ್ದುವು. ಕೊರತೆಯಿಂದ ಹುಟ್ಟಿದ ಈ ಶೋಧವು ಬೆಳೆದು, 1957 ರಲ್ಲಿ ಅವನೂ ಫರ್ಸ್ಟರನೂ ಕೂಡಿ ಬರೆದ ಬೃಹದ್ಗ್ರಂಥವಾಯಿತು.

ಪ್ರತಿಸಲವೂ ಕೊಡುವುದು ಒಂದು ಕ್ರಮ. ಬಿಟ್ಟು ಬಿಟ್ಟು ಕೊಡುವುದರಲ್ಲಿ ಕಾರ್ಯಗಳ ಸಂಖ್ಯೆಯನ್ನಾಗಲಿ ಕಳೆದ ಕಾಲವನ್ನಾಗಲಿ ಅಳತೆಗೆ ಹಿಡಿಯಬಹುದು. ಆ ಅಳತೆಯು ನಿಯತವಾಗಿರಬಹುದು, ಅನಿಯತವಾಗಿಯೂ ಇರಬಹುದು. ಹೀಗೆ ನಾಲ್ಕು ಬಗೆ. ಉಪಾಧ್ಯಾಯನಿಗೆ ಇವು ಅಪರಿಚಿತವಲ್ಲ. ವರ್ಷಾಂತ್ಯದ ಪರೀಕ್ಷೆಯೊಂದನ್ನೇ ನೆಚ್ಚಿದ ವಿದ್ಯಾರ್ಥಿಯು ಫಾಲ್ಗುಣದವರೆಗೆ ಪುಸ್ತಕವನ್ನು ಮುಟ್ಟನು. ನಮ್ಮ ಪಾಠಶಾಲೆಯಲ್ಲಾದರೋ, ಗುರುಗಳು ಯಾವ ದಿನ ಯಾರಿಂದ ಯಾವ ಸೂತ್ರವನ್ನು ಹೇಳಿಸಿ ‘ಭಲೆ’ ಎನ್ನುವರೋ ತಿಳಿಯದಿದ್ದುದರಿಂದ ಪಾಠವು ನಿತ್ಯವೂ ನಾಲಗೆಯ ಮೇಲಿರುತ್ತಿತ್ತು.

ನನ್ನ ದೌಹಿತ್ರನಿಗೆ ಐದು ವರ್ಷ ತುಂಬಿದಾಗಲೂ ಮಾತು ಬಂದಿರಲಿಲ್ಲ. ಚಿಕಿತ್ಸೆಯನ್ನು ವಹಿಸಿಕೊಂಡ ಮಹಿಳೆಯು ಚಿತ್ರಗಳನ್ನು ತೋರಿಸಿ, ಹೆಸರನ್ನು ಅರೆಬರೆಯಾಗಿ ನುಡಿದರೂ ಪ್ರತಿಸಲ ಒಂದು ಒಣದ್ರಾಕ್ಷಿಯನ್ನೂ ಒಂದು ಹೊಗಳಿಕೆಯನ್ನೂ ಕೊಡುತ್ತಿದ್ದರು. “ಇದು ಲಂಚವಾಗದೇ, ತಾಯಿ?” ಎಂದು ಕೇಳಿದೆನು. “ಲಂಚವಾದರೆ ಎಂದೆಂದಿಗೂ ಕೊಡಬೇಕು, ಮೇಷ್ಟ್ರೇ. ನಾನು ಕೊಡುತ್ತಿರುವುದು ಮುಂದೆ ನಿಲ್ಲಿಸುವುದಕ್ಕಾಗಿ” ಎಂದರು. ಹೆಸರುಗಳು ನೆಲೆಗೊಂಡ ಮೇಲೆ ಎರಡಕ್ಕೊಂದು, ಮೂರಕ್ಕೊಂದು, ಬಳಿಕ ಲೆಕ್ಕಕ್ಕೆ ಸಿಕ್ಕದಂತೆ ಕೊಟ್ಟರು. ಒಮ್ಮೆ ಬೇಗನೆ ವಿರಳಮಾಡಲು ಮಗುವು ಮೌನವಾಯಿತು. ಒಡನೆಯೇ ಅವರು ಹಿಂದಿನ ಮೆಟ್ಟಿಲಿಗೆ ಇಳಿದರು. ನೀರನ್ನು ಬೇಡುವ ಮಾತಿಗೆ ಮಾತ್ರ ಈ ವಿರಳತೆಯನ್ನು ತರಲಿಲ್ಲ. ಅಲ್ಲಿ ನೀರೇ ಮಾತಿನ ಸಹಜಫಲ. ಅದನ್ನು ತಪ್ಪಿಸಿದರೆ ಮಾತಿನ ಮೇಲಣ ವಿಶ್ವಾಸವೇ ತಪ್ಪುವುದು.

ಬಿಟ್ಟು ಬಿಟ್ಟು ದೊರೆಯುವ ಫಲವು ಅಭ್ಯಾಸವನ್ನು ಗಟ್ಟಿಮಾಡುವುದೆಂಬ ಗುಣವು ಹಠಕ್ಕೂ ಸಲ್ಲುವುದು. ಮಗುವು ಅತ್ತಾಗ ನಾಲ್ಕು ಸಲ ಬಿಗಿಹಿಡಿದು ಐದನೆಯ ಸಲ ಸೋಲುವ ಮನೆಯಲ್ಲಿ ಹಠವು ಬೇಗನೆ ಅಳಿಯದು. ಜೂಜುಗಾರನನ್ನು ಕಟ್ಟಿಹಾಕುವುದೂ ಇದೇ ಅನಿಯತಕ್ರಮವು. ಆದುದರಿಂದ ಕ್ರಮವನ್ನು ಆರಿಸುವವನು, ಕಲಿಯುವವನು ಇಂದು ಯಾವ ಮೆಟ್ಟಿಲಲ್ಲಿರುವನು, ನಾಳೆ ಯಾರ ನಡುವೆ ಬಾಳತಕ್ಕವನು ಎಂಬೆರಡನ್ನೂ ಮೊದಲು ನೋಡತಕ್ಕುದು. ಬೀದಿಯ ಜನರು ನುಡಿಗೊಂದು ದ್ರಾಕ್ಷಿಯನ್ನು ಕೊಡರು. ಕೆಲವೊಮ್ಮೆ ತಿರುಗಿಯೂ ನೋಡರು. ಆ ಬೀದಿಯಲ್ಲಿಯೂ ಮಗುವು ಮಾತನ್ನು ಬಿಡದಿರುವಂತೆ ಮಾಡುವುದೇ ಈ ಚಿಕಿತ್ಸೆಯ ಪರಮಪ್ರಯೋಜನವು.