ಅಜ್ಜಿಯ ಊರುಗೋಲು

ಮದ್ದಿಲ್ಲದ ಕುರುಡು ಒಂದು ಬಗೆ. ಮದ್ದಿದ್ದೂ ಮನುಷ್ಯನಿಗೆ ದೊರಕದೆ ಉಳಿಯುವ ಕುರುಡು ಇನ್ನೊಂದು ಬಗೆ. ಕಣ್ಣಿನ ಪೊರೆ ಈ ಎರಡನೆಯ ಬಗೆಗೆ ಸೇರಿದುದು. ಕಣ್ಣಿನೊಳಗಿನ ತಿಳಿಯಾದ ಮಸೂರವು ಮುಪ್ಪಿನಲ್ಲಿ ಮಸುಕಾಗುತ್ತದೆ. ಬೆಳಕು ಸರಿಯಾಗಿ ಒಳಹೋಗದು. ಹನಿಮದ್ದಿನಿಂದ ಇದು ಗುಣವಾಗದು; ಶಸ್ತ್ರಚಿಕಿತ್ಸೆಯೊಂದೇ ಪರಿಹಾರ. ಲೋಕದಲ್ಲಿ ಕುರುಡುತನಕ್ಕೆ ಮುಖ್ಯ ಕಾರಣ ಇಂದಿಗೂ ಇದೇ. ಇದರ ಹೊರೆ ಬಡ ನಾಡುಗಳ ಮೇಲೆಯೇ ಹೆಚ್ಚು.

ನನ್ನ ಬಾಲ್ಯ ಕಳೆದದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1970ರ ದಶಕದ ಆ ದಿನಗಳಲ್ಲಿ ನಮ್ಮ ಅಜ್ಜಿಯ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಮೊರದಲ್ಲಿ ರಾಗಿ ಕೇರುವಾಗ ಕಲ್ಲನ್ನು ಬೆರಳಿನಿಂದಲೇ ಗುರುತಿಸುತ್ತಿದ್ದರು. ಆದರೆ ಹಿತ್ತಿಲಿಗೆ ಹೋಗಬೇಕಾದರೂ ಯಾರಾದರೂ ಕೈಹಿಡಿಯಬೇಕಿತ್ತು. ಹಿರಿಯರೆಲ್ಲ ಹೊಲಕ್ಕೆ ಹೋಗುವವರು. ಆ ಕೆಲಸ ನನ್ನ ಅಕ್ಕನ ಪಾಲಿಗೆ ಬಂತು. ಐದನೆಯ ತರಗತಿಯ ಪುಸ್ತಕಗಳನ್ನು ಗೂಡಿನಲ್ಲಿಟ್ಟು ಆಕೆ ಅಜ್ಜಿಯ ಊರುಗೋಲಾದಳು. ಒಬ್ಬರ ಕಣ್ಣು ಮುಚ್ಚಿದರೆ ಇಬ್ಬರ ಬಾಳು ಕತ್ತಲಾಗುವುದೆಂದು ನಾನು ಅರಿತದ್ದು ಆಗ.

ಕೋಲಾರದಲ್ಲಿ ಉಚಿತ ನೇತ್ರಶಿಬಿರ ನಡೆಯುವುದೆಂದು ನಮ್ಮ ಮೇಷ್ಟರು ಬಂದು ತಿಳಿಸಿದರು.

“ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಈಗ ನನಗೇಕಪ್ಪ ಕಣ್ಣು?” ಎಂದರು ಅಜ್ಜಿ.

“ನಿಮಗಾಗಿ ಬೇಡಮ್ಮ, ಈ ಮಗುವಿಗಾಗಿ ಬನ್ನಿ” ಎಂದರು ಮೇಷ್ಟರು.

ಅಜ್ಜಿ ಮರುಮಾತಾಡದೆ ಹೊರಟರು. ಶಿಬಿರದಲ್ಲಿ ಮಾಲೂರು, ಶ್ರೀನಿವಾಸಪುರದ ಕಡೆಯ ಮುದುಕರೂ ಬುತ್ತಿಯ ಗಂಟಿನೊಡನೆ ಸಾಲಾಗಿ ಕುಳಿತಿದ್ದರು. ಆಗ ಮಸುಕಾದ ಮಸೂರವನ್ನು ತೆಗೆದು, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಆ ಕನ್ನಡಕ ಧರಿಸಿ ಅಜ್ಜಿ ಒಬ್ಬರೇ ಬಾವಿಗೆ ನಡೆದರು. ಅಕ್ಕ ಶಾಲೆಗೆ ನಡೆದಳು.

ಚಿಕಿತ್ಸೆಯನ್ನು ಬಡವರ ಬಳಿಗೇ ಒಯ್ದವರಲ್ಲಿ ಡಾ. ಎಂ. ಸಿ. ಮೋದಿಯವರು ಪ್ರಾತಃಸ್ಮರಣೀಯರು. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಇವರು ಹಳ್ಳಿಹಳ್ಳಿಗಳಲ್ಲಿ ಶಿಬಿರ ನಡೆಸಿದರು. ಒಂದೇ ದಿನ 833 ಮಂದಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ ಕೀರ್ತಿ ಇವರದು. 1976ರಲ್ಲಿ ಭಾರತ ಸರ್ಕಾರವೂ ಅಂಧತ್ವ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕಣ್ಣಿನೊಳಗೆ ಕೃತಕ ಮಸೂರವನ್ನಿಡುವ ವಿಧಾನವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ತೋರಿಸಿದ್ದರು. ಆದರೆ ಅದು ಬಹುಕಾಲ ಬಡವರ ಕೈಗೆ ಎಟುಕಲಿಲ್ಲ. 1992ರಿಂದ ಮದುರೈನಲ್ಲಿ ಅಂತಹ ಮಸೂರಗಳು ಕಡಿಮೆ ಬೆಲೆಗೆ ತಯಾರಾಗತೊಡಗಿದವು. ಇಂದು ಚಿಕಿತ್ಸೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆ ದಪ್ಪ ಕನ್ನಡಕದ ಅಗತ್ಯವೂ ಇಲ್ಲ.

ಆದರೂ “ವಯಸ್ಸಾಯಿತು” ಎಂದು ಜಗಲಿಯಲ್ಲಿ ಕುಳಿತುಬಿಡುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಬೇಕಾದುದು ಮರುಕವಲ್ಲ. ಕೈಹಿಡಿದು ಬಸ್ಸು ಹತ್ತಿಸಿ ಆಸ್ಪತ್ರೆಯವರೆಗೆ ಜೊತೆಗೆ ಹೋಗುವ ಒಬ್ಬರು. ಆ ಒಬ್ಬರು ನೀವೇ ಏಕಾಗಬಾರದು?