ಉಳಿದ ನಾಲ್ಕು ಬಿಟ್‌ಗಳು

ಮೆಮೊರಿಯಲ್ಲಿಟ್ಟ ಬೆಲೆಗಳನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತ ಸಾಗುವ ಬದಲು, ಒಂದನ್ನು ಪಡೆದು ಇನ್ನೊಂದನ್ನು ಕೊಡುವ ಫಂಕ್ಷನ್‌ಗಳನ್ನು ಪರಸ್ಪರ ಹೆಣೆದು ಉತ್ತರ ಪಡೆಯುವ ಪ್ರೋಗ್ರಾಮಿಂಗ್ ಭಾಷೆಗೆ ಫಂಕ್ಷನಲ್ ಭಾಷೆಯೆಂದು ಹೆಸರು. ಅಂಥದೊಂದು ಭಾಷೆಯನ್ನು 1981ರ ಬಿಬಿಸಿ ಮೈಕ್ರೊದಂಥ ಪುಟ್ಟ ಕಂಪ್ಯೂಟರಿಗಾಗಿ ರೂಪಿಸುವ ಹವ್ಯಾಸದ ಸೊಗಸೆಲ್ಲ ಇಕ್ಕಟ್ಟಿನಲ್ಲೇ ಇದೆ. ಆ ಯಂತ್ರದ ಬಿ ಮಾದರಿಯ ಮೆಮೊರಿ 32 ಕಿಲೋಬೈಟ್. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಮರಳುವ ದಾರಿಯನ್ನು ಬರೆದಿಡುವ ಸ್ಟ್ಯಾಕ್‌ಗೆ ಅದರ 6502 ಪ್ರೊಸೆಸರ್ ಕೊಡುವುದು ಬರಿಯ 256 ಬೈಟ್. ಒಂದೊಂದು ಮರಳುದಾರಿಗೂ 2 ಬೈಟ್ ಬೇಕಾಗುವುದರಿಂದ, ತನ್ನನ್ನು ತಾನೇ ಕರೆದುಕೊಳ್ಳುವ ಫಂಕ್ಷನ್‌ಗಳೇ ಜೀವಾಳವಾದ ಭಾಷೆಯು 128 ಕರೆಗಳೊಳಗೆ ಉಸಿರುಕಟ್ಟುತ್ತದೆ.

ಹೀಗಾಗಿ ಮೊದಲು ಏಳುವುದು, ಭಾಷೆಗೆ ಕನಿಷ್ಠ ಏನು ಸಾಕು ಎಂಬ ಪ್ರಶ್ನೆ. ಚರಾಕ್ಷರಗಳೇ ಇಲ್ಲದೆ ಫಂಕ್ಷನ್‌ಗಳನ್ನು ಕಟ್ಟಬಹುದೆಂದು ಮೋಸೆಸ್ ಶೋನ್‌ಫಿಂಕೆಲ್ 1924ರ ಪ್ರಬಂಧದಲ್ಲಿ ತೋರಿಸಿದ್ದರು; ಡೇವಿಡ್ ಟರ್ನರ್ 1979ರಲ್ಲಿ ಅದನ್ನೇ ಕಂಪ್ಯೂಟರ್ ಭಾಷೆಯನ್ನು ನಡೆಸುವ ವಿಧಾನವಾಗಿಸಿದರು. ಇಲ್ಲಿ ಕಾಂಬಿನೇಟರ್ ಎನಿಸಿದ ಮೂಲ ಫಂಕ್ಷನ್‌ಗಳು ಎರಡಿದ್ದರೆ ಸಾಕು. ‘ಕೆ’ ತನಗೆ ಕೊಟ್ಟ ಎರಡರಲ್ಲಿ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಡುತ್ತದೆ. ‘ಎಸ್’ ತನಗೆ ಕೊಟ್ಟ ಮೂರರಲ್ಲಿ ಕೊನೆಯದನ್ನು ಮೊದಲಿನೆರಡಕ್ಕೂ ಉಣಿಸಿ, ಮೊದಲನೆಯದರಿಂದ ಬಂದದ್ದಕ್ಕೆ ಎರಡನೆಯದರಿಂದ ಬಂದದ್ದನ್ನು ಒಪ್ಪಿಸುತ್ತದೆ. ‘ಎಸ್ ಕೆ ಕೆ’ ಎಂದು ಬರೆದು ಮುಂದೆ 7 ಇಟ್ಟರೆ ಅದು ‘ಕೆ 7 (ಕೆ 7)’ ಆಗಿ, ಕೆ ತನ್ನ ಎರಡನೆಯದನ್ನು ಬಿಟ್ಟೊಡನೆ 7 ಮಾತ್ರ ಉಳಿಯುತ್ತದೆ. ಕೊಟ್ಟದ್ದನ್ನು ಹಾಗೇ ಮರಳಿಸುವ ಫಂಕ್ಷನ್ ಯಾರೂ ಹೇಳಿಕೊಡದೆ ಹುಟ್ಟಿಕೊಳ್ಳುವುದನ್ನು ಕಾಗದದ ಮೇಲೆ ಎಷ್ಟು ಸಲ ನೋಡಿದರೂ ತಣಿವಿಲ್ಲ.

ಇಂಥ ಪ್ರೋಗ್ರಾಮಿನ ಪ್ರತಿ ಗಂಟೂ ಒಂದು ಫಂಕ್ಷನ್ ಮತ್ತು ಅದಕ್ಕೆ ಉಣಿಸಿದ್ದು ಎಂಬ ಜೋಡಿಯಾದ್ದರಿಂದ, ಎರಡು ವಿಳಾಸಗಳನ್ನು ಹಿಡಿಯುವ 4 ಬೈಟ್‌ಗಳ ಕೋಶವೊಂದು ಅದಕ್ಕೆ ಸಾಕು. 8 ಕಿಲೋಬೈಟ್ ಮೀಸಲಿಟ್ಟರೆ 2048 ಕೋಶಗಳಾಗುತ್ತವೆ. ಈ ಕಲೆಯ ನಿಜವಾದ ಸವಿ ಇಲ್ಲಿಂದ ಶುರು. ಎಲ್ಲ ಕೋಶಗಳನ್ನೂ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಇಟ್ಟರೆ ಪ್ರತಿ ವಿಳಾಸದ ಕೊನೆಯ ಎರಡು ಬಿಟ್‌ಗಳು ಸದಾ ಸೊನ್ನೆಯಾಗಿರುತ್ತವೆ. ಅಂದರೆ ಕೋಶಕ್ಕೆ ನಾಲ್ಕು ಬಿಟ್‌ಗಳು ಬಿಟ್ಟಿಯಾಗಿ ದಕ್ಕುತ್ತವೆ. ಅವುಗಳಲ್ಲಿ ಎರಡು, ಆಯಾ ಅರ್ಧದಲ್ಲಿರುವುದು ವಿಳಾಸವೋ ಸಂಖ್ಯೆಯೋ ಎಂದು ಹೇಳಲು ವಿನಿಯೋಗವಾಗುತ್ತವೆ. ಸಂಖ್ಯೆಗೆ 14 ಬಿಟ್‌ಗಳಷ್ಟೇ ಉಳಿದು ಅದರ ವ್ಯಾಪ್ತಿ −8192ರಿಂದ 8191ಕ್ಕೆ ಕುಗ್ಗುವುದೇನೋ ನಿಜ, ಆದರೆ ಅದು ದುಬಾರಿಯಲ್ಲ.

ಮಿಕ್ಕೆರಡು ಬಿಟ್‌ಗಳ ಬೆಲೆ ತಿಳಿಯುವುದು ಖಾಲಿ ಕೋಶಗಳು ಮುಗಿದಾಗ. ಬಳಕೆಯಲ್ಲಿರುವ ಕೋಶಗಳನ್ನು ಗುರುತಿಸಿ ಉಳಿದವನ್ನು ಮರಳಿ ಪಡೆಯುವ ‘ಗಾರ್ಬೇಜ್ ಕಲೆಕ್ಷನ್’ಗೆ ಬಂದ ದಾರಿಯನ್ನು ನೆನಪಿಡಲು ಜಾಗ ಬೇಕು, ಆದರೆ ಅದು ನಡೆಯುವುದೇ ಜಾಗವಿಲ್ಲದ ಗಳಿಗೆಯಲ್ಲಿ. ಶೋರ್ ಮತ್ತು ವೇಟ್ 1967ರಲ್ಲಿ ಪ್ರಕಟಿಸಿದ ಉಪಾಯವು ಸ್ಟ್ಯಾಕನ್ನು ಬೆಳೆಸುವುದೇ ಇಲ್ಲ. ಕೋಶದಿಂದ ಕೋಶಕ್ಕೆ ಇಳಿಯುತ್ತ ಅದು ಕೆಳಗಿನ ಕೋಶದ ವಿಳಾಸವಿದ್ದಲ್ಲೇ ತಾನು ಬಂದ ಕೋಶದ ವಿಳಾಸವನ್ನು ಬರೆಯುತ್ತದೆ. ಒಂದು ಬಿಟ್ ಇಲ್ಲಿಗೆ ಬಂದಾಗಿದೆ ಎನ್ನುತ್ತದೆ, ಇನ್ನೊಂದು ಇಳಿದದ್ದು ಎಡಕ್ಕೋ ಬಲಕ್ಕೋ ಎಂಬುದನ್ನು ಹಿಡಿದಿಡುತ್ತದೆ. ಮೇಲೇರುವಾಗ ಒಂದೊಂದು ವಿಳಾಸವೂ ಮೊದಲಿನ ದಿಕ್ಕಿಗೆ ತಿರುಗಿ, ಹೊರಟ ಕೋಶಕ್ಕೆ ಮರಳುವ ಹೊತ್ತಿಗೆ ಇಡೀ ಹೆಣಿಗೆ ಯಾರೂ ಮುಟ್ಟಿಲ್ಲವೆಂಬಂತೆ ಇದ್ದಲ್ಲೇ ಇರುತ್ತದೆ.